ಕಾದಂಬರಿಯಲ್ಲಿ ಊರು ಕಾಣಿಸಬೇಕಾದರೆ: ವಿವರ ಹುಡುಕುವ, ಆರಿಸುವ, ಬರೆಯುವ ಕ್ರಮ

ಮಲೆನಾಡಿನ ಬಗ್ಗೆ ಹೊಸಬರು ಬರೆದ ಹಸ್ತಪ್ರತಿಗಳನ್ನು ಓದಲು ಕೂತರೆ ಮೊದಲ ಪುಟದಲ್ಲೇ ಮಂಜು ಸಿಗುತ್ತದೆ. ಬೆಟ್ಟ ಮಂಜು ಹೊದ್ದು ಮಲಗಿರುತ್ತದೆ. ಹಕ್ಕಿಗಳು ಚಿಲಿಪಿಲಿ ಅನ್ನುತ್ತವೆ. ಎಲ್ಲೆಲ್ಲೂ ಹಸಿರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ಸಾಲುಗಳನ್ನು ಮಡಿಕೇರಿಗೂ ಬರೆಯಬಹುದು, ಊಟಿಗೂ ಬರೆಯಬಹುದು. ಓದುವವರಿಗೆ ತಾವು ಎಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಒಳ್ಳೆಯ ಕಾದಂಬರಿಕಾರರು ಬೇರೆ ರೀತಿ ಮಾಡುತ್ತಾರೆ. ಊರು ನೋಡಲು ಬಂದವರ ಕಣ್ಣಿನಿಂದ ಅವರು ಊರನ್ನು ತೋರಿಸುವುದಿಲ್ಲ. ಅಲ್ಲಿ ಏನೋ ಕೆಲಸ ಇರುವವರ ಮೂಲಕ ತೋರಿಸುತ್ತಾರೆ. ಬಟ್ಟೆ ಒಣಗಿಸಬೇಕಾದವಳಿಗೆ, ಕೊನೇ ಬಸ್ಸು ಹಿಡಿಯಬೇಕಾದವನಿಗೆ, ಸಾಲ ಕೇಳಲು ಹೊರಟವನಿಗೆ ಆ ಊರು ಹೇಗೆ ಎದುರಾಗುತ್ತದೆ? ಅಲ್ಲಿಂದ ವಿವರ ಹುಟ್ಟುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದನ್ನೇ ನಂಬಿಕೊಂಡಿವೆ. ನಾನು ಉದಾಹರಣೆಗಳನ್ನು ಹಾಸನ, ಚಿಕ್ಕಮಗಳೂರು ಕಡೆಯಿಂದ ತೆಗೆದುಕೊಂಡಿದ್ದೇನೆ. ಬೇರೆ ಸೀಮೆಯ ಕತೆ ಬರೆಯುವವರಿಗೂ ಕ್ರಮ ಇದೇ.

ಹೆಜ್ಜೆ 1: ಜಾಗ, ತಿಂಗಳು, ವರ್ಷ ಗಟ್ಟಿ ಮಾಡಿಕೊಳ್ಳಿ

"ಹಾಸನ ಜಿಲ್ಲೆಯ ಒಂದು ಹಳ್ಳಿ" ಅಂದರೆ ಸಾಲದು. ಅರಸೀಕೆರೆ ಕಡೆ ತೆಂಗಿನ ತೋಟ, ಕೊಳವೆಬಾವಿಯ ಚಿಂತೆ. ಅದೇ ಜಿಲ್ಲೆಯ ಸಕಲೇಶಪುರದಲ್ಲಿ ಜುಲೈ ಬಂತೆಂದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯೂ ಹಾಗೇ. ಕಡೂರು ಬಯಲು, ಶೃಂಗೇರಿ ಮಳೆಯ ಸೀಮೆ. ಹಾಗಾಗಿ ತಾಲ್ಲೂಕಿನವರೆಗೆ ಅಲ್ಲ, ಹೋಬಳಿಯವರೆಗೆ ಇಳಿಯಿರಿ. ಊರಿಗೆ ಕಲ್ಪನೆಯ ಹೆಸರು ಕೊಟ್ಟರೂ ಪರವಾಗಿಲ್ಲ. ಆದರೆ ಅದು ನಕ್ಷೆಯಲ್ಲಿ ಎಲ್ಲಿ ಕೂರುತ್ತದೆ ಅಂತ ನಿಮಗೆ ಗೊತ್ತಿರಬೇಕು.

ಆಮೇಲೆ ತಿಂಗಳು. ಕಾಫಿ ಸೀಮೆಯ ಕತೆಯಾದರೆ ಗಿಡವೇ ಕ್ಯಾಲೆಂಡರ್. ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೂಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹಾಗೆ ಘಮ ಬರುತ್ತದೆ. ಕೆಲವೇ ದಿನದಲ್ಲಿ ಬಾಡುತ್ತದೆ. ಅರೇಬಿಕಾ ಕುಯ್ಲು ಹೆಚ್ಚಾಗಿ ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಹಿಂದೆ. ಇಲ್ಲಿ ಕಾದಂಬರಿಕಾರರಿಗೆ ಒಂದು ದೊಡ್ಡ ಅನುಕೂಲ ಇದೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಇರುವವರು ತಾವೇ ನೀರು ಹಾರಿಸಿ ರೋಬಸ್ಟಾಕ್ಕೆ ಹೂ ಬಿಡಿಸುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ. ಒಂದೇ ಗುಡ್ಡದಲ್ಲಿ ಬೇಲಿಯ ಈ ಕಡೆ ಬಿಳಿ, ಆ ಕಡೆ ಬರೀ ಹಸಿರು. ಅಷ್ಟು ಬರೆದರೆ ಯಾರ ಹತ್ತಿರ ದುಡ್ಡಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ಬಯಲಿನ ಕಡೆ ಕ್ಯಾಲೆಂಡರ್ ಬೇರೆ. ಹಾಸನದ ಸುತ್ತ ಆಲೂಗಡ್ಡೆ ಬಿತ್ತನೆ ಮೇ, ಜೂನ್ ಹೊತ್ತಿಗೆ. ಪಂಜಾಬಿನಿಂದ ಬಿತ್ತನೆ ಗಡ್ಡೆಯ ಲಾರಿಗಳು ಎಪಿಎಂಸಿಗೆ ಬಂದು ನಿಲ್ಲುತ್ತವೆ. ಮಳೆ ಹಿಡಿದು ಮೋಡ ಕವಿದುಕೊಂಡೇ ಇದ್ದರೆ ಅಂಗಮಾರಿ ರೋಗದ ಭಯ. ಇದೇ ಮೋಡವನ್ನು ಪಕ್ಕದ ಹೊಲದ ರಾಗಿಯವನು ಖುಷಿಯಿಂದ ನೋಡುತ್ತಿರಬಹುದು. ಇಬ್ಬರೂ ಮೇಲೆ ನೋಡುವ ರೀತಿಯಲ್ಲೇ ಒಂದು ದೃಶ್ಯ ಇದೆ, ಅಲ್ವಾ?

ಕೊನೆಗೆ ವರ್ಷ. ಇದನ್ನು ಸಡಿಲ ಬಿಟ್ಟರೆ ಊರು ಕೈತಪ್ಪುತ್ತದೆ. ಕೆಲವು ಗುರುತುಗಳನ್ನು ನೋಡಿ. ಹಾಸನ-ಮಂಗಳೂರು ರೈಲು ಮಾರ್ಗ 1979ರಲ್ಲಿ ಶುರುವಾಯಿತು. 1996ರಲ್ಲಿ ಗೇಜ್ ಬದಲಾವಣೆಗೆಂದು ಘಟ್ಟದ ಭಾಗ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಅಂದರೆ 2001ರಲ್ಲಿ ನಡೆಯುವ ಕತೆಯ ಹುಡುಗ ಸಕಲೇಶಪುರದಲ್ಲಿ ಮಂಗಳೂರಿನ ರೈಲು ಹತ್ತುವ ಹಾಗಿಲ್ಲ. ಅವನು ಶಿರಾಡಿ ಘಾಟಿಯ ಬಸ್ಸಲ್ಲೇ ಹೋಗಬೇಕು. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದೇ 2013ರಲ್ಲಿ. ಅದಕ್ಕೂ ಮುಂಚೆ ರೈಲು ಬೇಕೆಂದವರು ಕಡೂರಿಗೋ ಬೀರೂರಿಗೋ ಹೋಗುತ್ತಿದ್ದರು. 1978ರ ಚಳಿಗಾಲದಲ್ಲಿ ಕತೆ ಇಟ್ಟರೆ ಇಂದಿರಾ ಗಾಂಧಿಯವರು ನಿಂತಿದ್ದ ಲೋಕಸಭಾ ಉಪಚುನಾವಣೆ ಊರೂರಿನ ಗೋಡೆ ಮೇಲೆ ಇರಬೇಕು. 1985ರಲ್ಲಿ ಇಟ್ಟರೆ ಬೆಳೆಗಾರ ತನ್ನ ಕಾಫಿಯನ್ನು ಇಷ್ಟ ಬಂದವರಿಗೆ ಮಾರುವಂತಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು, ದುಡ್ಡು ಕಂತಿನಲ್ಲಿ ಬರುತ್ತದೆ. ಮಗಳ ಮದುವೆ ತಾರೀಕು ಆ ಕಂತಿಗೆ ಕಾಯುತ್ತದೆ. ಮುಕ್ತ ಮಾರಾಟ ಬಂದದ್ದು 1990ರ ದಶಕದಲ್ಲಿ. ಇಂಥ ಒಂದು ವಿವರ ಇಡೀ ಕಾಲವನ್ನು ತಂದು ನಿಲ್ಲಿಸುತ್ತದೆ.

ಹೆಜ್ಜೆ 2: ಯಾರು ನೋಡುತ್ತಿದ್ದಾರೆ, ಅವರಿಗೆ ಏನು ಬೇಕು?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಬರೆಯುವ ಮೊದಲು ಎರಡು ಸಾಲು ಬರೆದಿಟ್ಟುಕೊಳ್ಳಿ. ಈ ದೃಶ್ಯದಲ್ಲಿ ಊರನ್ನು ಯಾರ ಮೂಲಕ ಕಾಣುತ್ತಿದ್ದೇವೆ? ಆ ಗಳಿಗೆಯಲ್ಲಿ ಅವರಿಗೆ ಏನು ಬೇಕಾಗಿದೆ?

ಒಂದು ಕಾಫಿ ಕಣ ತೆಗೆದುಕೊಳ್ಳೋಣ. ಡಿಸೆಂಬರಿನ ಮಧ್ಯಾಹ್ನ. ಸಿಮೆಂಟಿನ ಅಂಗಳದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಲು ಹರಡಿದೆ. ಮೊದಲು ತೋಟದ ಮಾಲೀಕರ ಮೂಲಕ ನೋಡಿ:

"ಪಡುವಣ ಕಪ್ಪಾಗಿತ್ತು. ಚೆರ್ರಿ ಇನ್ನೂ ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಇದ್ದ ನಾಲ್ಕು ಟಾರ್ಪಾಲಿನಲ್ಲಿ ಒಂದಕ್ಕೆ ಇಲಿ ಬಾಯಿ ಹಾಕಿತ್ತು. ಗೌಡರು ಯಾರನ್ನೂ ಕೂಗಲಿಲ್ಲ. ಪಂಚೆ ಎತ್ತಿ ಕಟ್ಟಿ ತಾವೇ ಎಳೆಯತೊಡಗಿದರು."

ಇನ್ನು ಅದೇ ಕಣ, ಅದೇ ಹೊತ್ತು. ಕಾಫಿ ಕುಯ್ದು ಬಂದ ಹೆಂಗಸಿನ ಮೂಲಕ (ರೈಟರು ಅಂದರೆ ತೋಟದ ಲೆಕ್ಕ ಬರೆಯುವವನು):

"ತಕ್ಕಡಿ ಕಣದ ಮೂಲೆಯಲ್ಲಿತ್ತು. ರೈಟರು ದಿನವೂ ಮುಳ್ಳು ನಿಲ್ಲುವ ಮೊದಲೇ ಚೀಲ ಇಳಿಸಿಬಿಡುತ್ತಾನೆ. ಇವತ್ತು ರತ್ನ ಚೀಲದ ಬಾಯಿಂದ ಕೈ ತೆಗೆಯಲಿಲ್ಲ. 'ತಡೀರಿ ರೈಟ್ರೇ, ಮುಳ್ಳು ಇನ್ನೂ ಆಡ್ತಾ ಇದೆ.' ಹಿಂದಿನ ಸಾಲಿನಲ್ಲಿ ಮಾತು ನಿಂತಿತು."

ಮೂರನೆಯದು, ಬೆಂಗಳೂರಿನಿಂದ ಹೇಳದೆ ಬಂದ ಮಗಳು:

"ಗೇಟಿನ ಹತ್ತಿರವೇ ಹುಳಿ ವಾಸನೆ ಬಂತು. ಪಲ್ಪರ್ ಓಡಿದೆ. ಕುಯ್ಲು ಇನ್ನೂ ಶುರುವೇ ಆಗಿಲ್ಲಮ್ಮ, ದುಡ್ಡಿಗೆ ಸ್ವಲ್ಪ ತಡೆದುಕೋ ಅಂತ ಅಪ್ಪ ಮೊನ್ನೆ ತಾನೇ ಫೋನಿನಲ್ಲಿ ಅಂದಿದ್ದರು."

ಗಮನಿಸಿ. ಮೂರರಲ್ಲೂ ಕಣದ ಉದ್ದ ಅಗಲ ಇಲ್ಲ. ಸುತ್ತಲಿನ ಬೆಟ್ಟದ ವರ್ಣನೆ ಇಲ್ಲ. ಮಾಲೀಕರಿಗೆ ಮೋಡ ಕಂಡಿತು, ಯಾಕೆಂದರೆ ಒಣಗುತ್ತಿರುವ ಕಾಫಿ ಮಳೆಗೆ ಸಿಕ್ಕರೆ ಬೂಸಲು ಹಿಡಿಯುತ್ತದೆ, ರೇಟು ಬೀಳುತ್ತದೆ. ರತ್ನಳಿಗೆ ಮೋಡ ಕಾಣಲಿಲ್ಲ. ಅವಳಿಗೆ ಮುಳ್ಳು ಕಂಡಿತು, ಕೂಲಿ ತೂಕದ ಮೇಲೆ ನಿಂತಿದೆ. ಮಗಳಿಗೆ ವಾಸನೆ ಬಂತು. ಕುಯ್ದ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವೇ ಪಲ್ಪರ್, ಅದು ಓಡಿದೆ ಅಂದರೆ ಕುಯ್ಲು ಶುರುವಾಗಿದೆ. ವಾಸನೆಯ ಜೊತೆ ಅಪ್ಪನ ಸುಳ್ಳೂ ತಿಳಿಯಿತು. ಜಾಗ ಒಂದೇ ಆದರೂ ಮೂವರ ಕಣ ಒಂದಲ್ಲ. ಮೂರನ್ನೂ ಕಾದಂಬರಿಯ ಬೇರೆ ಬೇರೆ ಅಧ್ಯಾಯದಲ್ಲಿ ಇಟ್ಟರೆ ಓದುವವರ ಮನಸ್ಸಿನಲ್ಲಿ ಕಣ ತಾನಾಗಿ ಪೂರ್ತಿಯಾಗುತ್ತದೆ.

ಅಭ್ಯಾಸಕ್ಕೆ ಹೀಗೆ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ ಆರಿಸಿಕೊಳ್ಳಿ. ಸಂತೆ, ಬಸ್ ಸ್ಟ್ಯಾಂಡ್, ನ್ಯಾಯಬೆಲೆ ಅಂಗಡಿ, ಯಾವುದಾದರೂ ಸರಿ. ಮೂರು ಜನರ ಮೂಲಕ ಐದೈದು ಸಾಲು ಬರೆಯಿರಿ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಾಣಬಾರದು. ಕಷ್ಟ ಅನ್ನಿಸಿದರೆ ಪಾತ್ರಕ್ಕೆ ಏನು ಬೇಕು ಅನ್ನುವುದು ನಿಮಗೇ ಇನ್ನೂ ಖಚಿತವಾಗಿಲ್ಲ ಅಂತ ತಿಳಿಯಿರಿ. ಅಲ್ಲಿಗೆ ಹಿಂತಿರುಗಿ.

ಹೆಜ್ಜೆ 3: ವಿವರ ಕಲೆ ಹಾಕಿ, ಮೈಗೆ ತಾಗುವುದನ್ನು ಮೊದಲು

"ಪಂಚೇಂದ್ರಿಯ ಬಳಸಿ" ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಐದನ್ನೂ ಒಂದೊಂದು ಸಾಲು ಹಂಚಿ ಬರೆದರೆ ಅದು ಪಟ್ಟಿಯಾಗುತ್ತದೆ. ನಾನು ಹೇಳುವುದು ಇಷ್ಟು: ಕಣ್ಣಿಗೆ ಕಂಡದ್ದು ಹೇಗೂ ಬಂದೇ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಸದ್ದು, ವಾಸನೆ, ಮೈಗೆ ತಾಗಿದ್ದು ಜಾಸ್ತಿ ಇರಲಿ.

ತಗಡಿನ ಸೂರಿನ ಮೇಲೆ ಆಷಾಢದ ಮಳೆ ಬೀಳುವಾಗ ಒಳಗಿದ್ದವರು ಕೂಗಿ ಮಾತಾಡಬೇಕು. ಹೆಂಚಿನ ಮನೆಯಲ್ಲಿ ಹಾಗಿಲ್ಲ. ಅಂದರೆ ತೋಟದ ಆಳುಗಳ ತಗಡಿನ ಲೈನ್ ಮನೆಯಲ್ಲಿ ಗಂಡ ಹೆಂಡತಿ ಗುಟ್ಟಿನ ಮಾತಾಡಬೇಕಾದರೆ ಮಳೆ ನಿಲ್ಲುವವರೆಗೆ ಕಾಯಬೇಕು. ಇಲ್ಲವೇ ತೀರಾ ಹತ್ತಿರ ಕೂರಬೇಕು. ಸೂರು ಸಂಭಾಷಣೆಯನ್ನೇ ಬದಲಿಸಿತು ನೋಡಿ. ಹಾಗೆಯೇ ಇಂಬಳ, ಅಂದರೆ ಕಾಡಿನ ಜಿಗಣೆ. ಅದು ಹತ್ತಿದ್ದು ಯಾರಿಗೂ ತಿಳಿಯುವುದಿಲ್ಲ. ರಕ್ತ ಕುಡಿದು ಬಿದ್ದುಹೋದ ಮೇಲೆ ಹರಿಯುತ್ತಲೇ ಇರುವ ರಕ್ತ ಕಂಡಾಗ ತಿಳಿಯುತ್ತದೆ. ಊರಿನವರು ಸುಣ್ಣವನ್ನೋ ಹೊಗೆಸೊಪ್ಪನ್ನೋ ಹಚ್ಚಿ ಕೆಲಸ ಮುಂದುವರಿಸುತ್ತಾರೆ. ಹೊಸಬ ಕಾಲು ಕೊಡವುತ್ತಾ ನಿಲ್ಲುತ್ತಾನೆ. ಯಾರು ಒಳಗಿನವರು, ಯಾರು ಹೊರಗಿನವರು ಅಂತ ಒಂದು ಇಂಬಳ ಹೇಳಿಬಿಡುತ್ತದೆ.

ಜಾಗಕ್ಕೆ ಹೋದಾಗ ಕೇಳುವ ಪ್ರಶ್ನೆಯೂ ಮುಖ್ಯ. "ನಿಮ್ಮೂರು ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ, ಮುಗಿಯಿತು. "ಈ ಕೆಲಸದಲ್ಲಿ ಏನು ಕೆಡುತ್ತೆ ಅಣ್ಣ? ಕೆಟ್ಟರೆ ಏನು ಮಾಡ್ತೀರ?" ಅಂತ ಕೇಳಿ ನೋಡಿ. ಆಗ ಅವರು ನಿಜವಾಗಿ ಮಾತಾಡುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಯ ಬಗ್ಗೆ ಹೀಗೆ ಕೇಳಿದರೆ ಘೀಳಿಡುವ ಆನೆಯ ಕತೆ ಕಡಿಮೆ ಬರುತ್ತದೆ. ಆನೆ ಎಲ್ಲಿದೆ ಅಂತ ಬೆಳಿಗ್ಗೆ ಮೊಬೈಲಿಗೆ ಬರುವ ಸಂದೇಶ, ಅದನ್ನು ನೋಡಿ ತಡವಾಗಿ ಶುರುವಾಗುವ ತೋಟದ ಕೆಲಸ, ಮಕ್ಕಳನ್ನು ಸ್ಕೂಲ್ ಬಸ್ಸಿನವರೆಗೆ ಬಿಟ್ಟು ಬರುವ ಅಪ್ಪ, ಇಂಥವು ಬರುತ್ತವೆ. ಆನೆ ಒಂದು ಸಲವೂ ಕಾಣಿಸದೆ ಇಡೀ ಅಧ್ಯಾಯದಲ್ಲಿ ಇರಬಹುದು. ಅದೇ ಹೆಚ್ಚು ಹೆದರಿಸುತ್ತದೆ.

ಹೆಜ್ಜೆ 4: ಆರಿಸಿ, ಉಳಿದದ್ದನ್ನು ಬಿಡಿ

ಈಗ ನಿಮ್ಮ ಹತ್ತಿರ ಬೇಕಾದ್ದಕ್ಕಿಂತ ಜಾಸ್ತಿ ವಿವರ ಇದೆ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿ. ಇದನ್ನು ಬೇರೆ ಊರಿನಲ್ಲಿ ಇಟ್ಟರೂ ನಡೆಯುತ್ತದೆಯೇ? ಇದು ಪಾತ್ರದ ಕೈಯಲ್ಲಿ ಏನಾದರೂ ಮಾಡಿಸುತ್ತದೆಯೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಅಂತ ಬಂದರೆ ಇಟ್ಟುಕೊಳ್ಳಿ. ಎರಡರಲ್ಲಿ ಒಂದು ಮಾತ್ರ ಹೊಂದಿದರೂ ಒಮ್ಮೊಮ್ಮೆ ಉಳಿಸಬಹುದು. ಎರಡೂ ಹೊಂದದಿದ್ದರೆ ಎಷ್ಟೇ ಚೆಂದದ ಸಾಲಾದರೂ ಬೇಡ.

ಒಂದು ಕರಡನ್ನು ತಿದ್ದಿ ನೋಡೋಣ. ಮಲೆನಾಡಿನ ಜುಲೈ ರಾತ್ರಿ, ತಾಯಿ ಮಗನಿಗೆ ಕಾಯುತ್ತಿದ್ದಾಳೆ.

"ಧಾರಾಕಾರ ಮಳೆ ಸುರಿಯುತ್ತಿತ್ತು. ಗುಡುಗು ಮಿಂಚುಗಳು ಆಕಾಶವನ್ನೇ ಸೀಳುತ್ತಿದ್ದವು. ಹಳೆಯ ಹೆಂಚಿನ ಮನೆಯನ್ನು ಕತ್ತಲೆ ಆವರಿಸಿತ್ತು. ಸುಶೀಲಮ್ಮ ಆತಂಕದಿಂದ ಮಗನ ದಾರಿ ಕಾಯುತ್ತಿದ್ದಳು."

ಮೊದಲ ತೊಂದರೆ ಗುಡುಗು. ಮಲೆನಾಡಿನಲ್ಲಿ ಗುಡುಗು ಸಿಡಿಲಿನ ಆರ್ಭಟ ಜಾಸ್ತಿ ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಹಿಂಗಾರಿನಲ್ಲಿ. ಜುಲೈ ಮಳೆ ಒಂದೇ ಸಮನೆ ಹೊಡೆಯುತ್ತದೆ, ಗಾಳಿ ಇರುತ್ತದೆ, ಗುಡುಗು ಅಪರೂಪ. ಆ ಊರಿನವರು ಈ ಸಾಲು ಓದಿದ ಕೂಡಲೇ ನಂಬಿಕೆ ಹೋಯಿತು. ಎರಡನೆಯ ತೊಂದರೆ "ಆತಂಕದಿಂದ". ಆ ಕೆಲಸವನ್ನು ಮನೆಯ ವಸ್ತುಗಳೇ ಮಾಡಬೇಕು. ಹೀಗೆ ತಿದ್ದಬಹುದು:

"ಕರೆಂಟು ಹೋಗಿ ಮೂರು ದಿನವಾಗಿತ್ತು. ಸುಶೀಲಮ್ಮ ಅಗ್ಗಿಷ್ಟಿಕೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಗನ ಅಂಗಿಯನ್ನು ತಿರುವಿ ಹಾಕಿದಳು. ಕಾಲರಿನಲ್ಲಿ ಇನ್ನೂ ತೇವ ಇತ್ತು. ಸೋರುವ ಜಾಗಕ್ಕೆ ಇಟ್ಟ ಪಾತ್ರೆ ತುಂಬುತ್ತಾ ಬಂದಿತ್ತು. ದಿನಾ ಅದನ್ನು ಚೆಲ್ಲುತ್ತಿದ್ದವನು ಅವನೇ. ಈ ಮಳೆಯಲ್ಲಿ ಎಂಟು ಗಂಟೆ ಬಸ್ಸಿನ ಸದ್ದು ಒಳಗೆ ಕೇಳಿಸುವುದಿಲ್ಲ ಅಂತ ಮುಂಬಾಗಿಲು ತೆರೆದೇ ಇಟ್ಟಿದ್ದಳು. ಇರಚಲು ಬಡಿದು ಅರ್ಧ ಪಡಸಾಲೆ ಒದ್ದೆಯಾಗಿತ್ತು."

ಇಲ್ಲಿ ಮಳೆ "ಸುರಿಯಿತು" ಅನ್ನುವ ಕ್ರಿಯಾಪದವೇ ಇಲ್ಲ. ಆದರೂ ಮಳೆ ಇದೆ. ಅಂಗಿ ಒಣಗಿಸುವುದು ಅವನು ಬರುತ್ತಾನೆ ಅನ್ನುವ ಭರವಸೆ. ಪಾತ್ರೆ ಅವನಿಲ್ಲದ್ದನ್ನು ಹೇಳುತ್ತದೆ. ತೆರೆದ ಬಾಗಿಲು ಅವಳ ಆತಂಕ. ಸಾಲುಗಳು ಜಾಸ್ತಿಯಾದವು, ನಿಜ. ಒಳ್ಳೆಯ ವಿವರ ಯಾವಾಗಲೂ ಚಿಕ್ಕದಾಗಿರಬೇಕು ಅಂತ ನಾನು ನಂಬುವುದಿಲ್ಲ. ಪ್ರತಿ ಸಾಲಿಗೂ ಕೆಲಸ ಇದ್ದರೆ ಸಾಕು.

ಹೆಜ್ಜೆ 5: ಮಾಹಿತಿಯನ್ನು ಬಾಯಿ ನೋಡಿ ಹಾಕಿ

ಬೇಲೂರು, ಹಳೇಬೀಡು ಕತೆಯಲ್ಲಿ ಬಂದರೆ ಇತಿಹಾಸ ಬರೆಯುವ ಆಸೆ ತಡೆಯಲಾಗುವುದಿಲ್ಲ. ಚೆನ್ನಕೇಶವ ದೇವಸ್ಥಾನವನ್ನು 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ, ಕಲ್ಲು ಬಳಪದ್ದು, ಶಿಲಾಬಾಲಿಕೆಯರು ಹೀಗಿದ್ದಾರೆ. ಇವೆಲ್ಲ ಗೈಡ್ ಒಬ್ಬ ಪಾತ್ರವಾಗಿದ್ದರೆ ಅವನ ಬಾಯಲ್ಲಿ ಚೆನ್ನಾಗಿ ಕೂರುತ್ತವೆ. ಅದು ಅವನ ದಿನದ ಮಾತು. ಗುಡಿಯ ಮುಂದೆ ಹೂ ಮಾರುವವಳು ಇಸವಿ ಹೇಳುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಪ್ರಾಕಾರದ ಕಲ್ಲು ಕಾದಾಗ ಪ್ರವಾಸಿಗಳು ಬರಿಗಾಲಲ್ಲಿ ನೆರಳಿಂದ ನೆರಳಿಗೆ ಓಡುವುದು ಅವಳಿಗೆ ಗೊತ್ತು. ಆ ಹೊತ್ತಿನಲ್ಲಿ ಹೂವಿಗೆ ಯಾರೂ ನಿಲ್ಲುವುದಿಲ್ಲ ಅನ್ನುವುದೂ ಗೊತ್ತು. ಒಂಬೈನೂರು ವರ್ಷದ ಗುಡಿ ಅವಳ ಮೂಲಕ ಬೇರೆಯೇ ರೀತಿ ಕಾಣುತ್ತದೆ. ನೀವು ಓದಿ ತಿಳಿದ ಉಳಿದ ಸಂಗತಿಗಳು ವ್ಯರ್ಥವಲ್ಲ. ಅವು ನಿಮ್ಮನ್ನು ತಪ್ಪು ಬರೆಯದಂತೆ ಕಾಯುತ್ತವೆ.

ಹೆಸರುಗಳ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. "ಮರ" ಅನ್ನುವ ಕಡೆ ಸಿಲ್ವರ್ ಓಕ್, ಹಾಲುವಾಣ, ಅತ್ತಿ ಅನ್ನಿ. ಬಯಲಾದರೆ ಹುಣಸೆ, ಹೊಂಗೆ, ಜಾಲಿ. ಮರಗಸಿ, ಕಾನು, ಬ್ಯಾಣ ಅನ್ನುವ ಪದ ಬಂದಾಗ ಪಕ್ಕದಲ್ಲಿ ಅರ್ಥ ಬರೆಯಬೇಡಿ. ಆಳು ಮರ ಹತ್ತಿ ಕೊಂಬೆ ಕಡಿದು ಗಿಡಕ್ಕೆ ಬಿಸಿಲು ಬಿಡುತ್ತಿದ್ದರೆ ಮರಗಸಿ ಏನಂತ ಎಲ್ಲರಿಗೂ ತಿಳಿಯುತ್ತದೆ.

ಹೆಜ್ಜೆ 6: ಎಲ್ಲಿ ಇಡಬೇಕು?

ಮೊದಲ ಎರಡು ಪುಟದಲ್ಲೇ ಊರು ಪೂರ್ತಿ ಬರೆದು ಮುಗಿಸುವುದು ಹಳೆಯ ಅಭ್ಯಾಸ. ಬೇಡ. ಮೊದಲ ಪುಟಕ್ಕೆ ಒಂದೋ ಎರಡೋ ಗಟ್ಟಿ ವಿವರ ಸಾಕು. ಊಟದಲ್ಲಿ ಉಪ್ಪಿನಕಾಯಿ ಬಡಿಸಿದ ಹಾಗೆ ಉಳಿದದ್ದು ಸ್ವಲ್ಪ ಸ್ವಲ್ಪವಾಗಿ ಬರಲಿ.

ಸುಲಭದ ದಾರಿ ಎಂದರೆ ಪ್ರಯಾಣ. ಪಾತ್ರವನ್ನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹತ್ತಿಸಿ ಸಕಲೇಶಪುರದಲ್ಲಿ ಇಳಿಸಿ. ನಲವತ್ತು ಕಿಲೋಮೀಟರ್ ಅಷ್ಟೇ. ಅಷ್ಟರಲ್ಲೇ ಬಯಲು ಹಿಂದೆ ಸರಿಯುತ್ತದೆ. ಬಾಳ್ಳುಪೇಟೆ ಹತ್ತಿರ ಬರುತ್ತಿದ್ದಂತೆ ಕಾಫಿ ಕಾಣಿಸಿಕೊಳ್ಳುತ್ತದೆ, ಗಾಳಿಯ ತಂಪು ಬದಲಾಗುತ್ತದೆ. ಇದನ್ನು "ಪ್ರಕೃತಿ ಬದಲಾಯಿತು" ಅಂತ ಬರೆಯಬೇಡಿ. ಪಕ್ಕದ ಸೀಟಿನ ಅಜ್ಜಿ ಕಿಟಕಿ ಎಳೆದುಕೊಳ್ಳಲಿ. ಮಗುವಿಗೆ ಟೋಪಿ ಹಾಕಲಿ. ಮದುವೆಯಾಗಿ ಮೊದಲ ಸಲ ಘಟ್ಟದ ಅಂಚಿಗೆ ಹೋಗುತ್ತಿರುವ ಬಯಲಿನ ಹುಡುಗಿಯ ಹತ್ತಿರ ಸ್ವೆಟರ್ ಇರುವುದಿಲ್ಲ. ಗಂಡ ಅದನ್ನು ಗಮನಿಸಿದನೋ ಇಲ್ಲವೋ? ಊರೂ ಬಂತು, ಸಂಸಾರವೂ ಶುರುವಾಯಿತು.

ಹೆಜ್ಜೆ 7: ಒಂದೇ ಜಾಗಕ್ಕೆ ಎರಡು ಸಲ ಹೋಗಿ

ಕಾದಂಬರಿ ಉದ್ದದ ಬರವಣಿಗೆ. ಸಣ್ಣಕತೆಗೆ ಇಲ್ಲದ ಒಂದು ಅವಕಾಶ ಅದಕ್ಕಿದೆ. ಒಮ್ಮೆ ತೋರಿಸಿದ ಜಾಗವನ್ನು ನೂರು ಪುಟ ಬಿಟ್ಟು ಮತ್ತೆ ತೋರಿಸಬಹುದು.

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚು ಇದಕ್ಕೆ ಹೇಳಿ ಮಾಡಿಸಿದ ಜಾಗ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಸುತ್ತಲಿನ ಜನ ಊರು ಬಿಟ್ಟರು. ಮಳೆಗಾಲದಲ್ಲಿ ಹಿನ್ನೀರು ಏರಿ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ. ಬೇಸಿಗೆಯಲ್ಲಿ ನಡೆದುಕೊಂಡೇ ಒಳಗೆ ಹೋಗಬಹುದು. ಒಂದು ಅಧ್ಯಾಯದಲ್ಲಿ ಹುಡುಗ ತೆಪ್ಪದಲ್ಲಿ ಕೂತು ಕಮಾನಿನ ಮೇಲ್ತುದಿ ಮುಟ್ಟಲಿ. ಮುಂದೆ ಬೇಸಿಗೆಯಲ್ಲಿ ಅಜ್ಜಿಯ ಜೊತೆ ಬಂದಾಗ ಅದೇ ಕಮಾನು ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ ಇರಲಿ. ಅಜ್ಜಿ ಕಟ್ಟಡ ನೋಡುವುದಿಲ್ಲ. ಬಿರುಕು ಬಿಟ್ಟ ನೆಲದಲ್ಲಿ ತನ್ನ ಮನೆಯ ದಿಕ್ಕು ಹುಡುಕುತ್ತಾಳೆ. ಮುಳುಗಡೆಯ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ವರ್ಷ ಉರುಳಿದ್ದನ್ನು ಹೇಳಲು ಹಾಸನಾಂಬೆಯ ಗುಡಿಯನ್ನೂ ಬಳಸಬಹುದು. ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಗುಡಿ ಅದು. ಮೊದಲ ವರ್ಷ ಸಾಲಿನಲ್ಲಿ ಮೂವರು ನಿಂತಿದ್ದರು, ಮರುವರ್ಷ ಇಬ್ಬರು. ಅಷ್ಟು ಸಾಕು.

ಹೆಜ್ಜೆ 8: ಓದಿಸಿ, ಕೇಳಿ, ಅಳಿಸಿ

ಕರಡು ಮುಗಿದ ಮೇಲೆ ಆ ಕೆಲಸ ಗೊತ್ತಿರುವ ಒಬ್ಬರಿಗೆ ಓದಲು ಕೊಡಿ. ಸಾಹಿತ್ಯ ಓದುವವರೇ ಆಗಬೇಕೆಂದಿಲ್ಲ. "ಹೇಗಿದೆ?" ಅಂತ ಕೇಳಬೇಡಿ. "ಇದರಲ್ಲಿ ನಮ್ಮ ಕಡೆ ಆಗದೇ ಇರೋದು ಏನಾದರೂ ಇದೆಯಾ?" ಅಂತ ಕೇಳಿ. ಗುಡುಗಿನಂಥ ತಪ್ಪುಗಳು ಸಿಕ್ಕಿಬೀಳುವುದು ಆಗಲೇ.

ಆಮೇಲೆ ಪುಟಗಳನ್ನು ಮುದ್ರಿಸಿಕೊಂಡು ಗಟ್ಟಿಯಾಗಿ ಓದಿ. ರಮಣೀಯ, ಮನಮೋಹಕ, ದಟ್ಟವಾದ, ನೀರವ, ಇಂಥ ಪದಗಳಿಗೆ ಗೆರೆ ಎಳೆಯಿರಿ. ಪ್ರತಿ ಗೆರೆಯ ಜಾಗದಲ್ಲಿ ಪಾತ್ರ ಆ ಹೊತ್ತಿಗೆ ಏನು ಮಾಡುತ್ತಿತ್ತು ಅಂತ ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಅದನ್ನು ಬರೆಯಿರಿ, ಸಿಗದಿದ್ದರೆ ಸಾಲನ್ನೇ ತೆಗೆಯಿರಿ. ತೆಗೆದದ್ದನ್ನು ಪೂರ್ತಿ ಬಿಸಾಡಬೇಡಿ. ಬೇರೆ ಫೈಲಿನಲ್ಲಿ, ಯಾವ ಜಾಗ, ಯಾವ ತಿಂಗಳು ಅಂತ ಗುರುತು ಹಾಕಿ ಇಟ್ಟುಕೊಳ್ಳಿ. ಮುಂದಿನ ಅಧ್ಯಾಯದಲ್ಲಿ ಬೇರೊಬ್ಬರು ಅದೇ ದಾರಿಯಲ್ಲಿ ಬರುವಾಗ ಅವರಿಗೆ ಅದು ಬೇಕಾಗಬಹುದು.